ಬ್ಯಾಸ್ಕೆಟ್‌ಬಾಲ್ ಆಟಗಾರರ ಸಂಬಳ ಎಲ್ಲಿಂದ ಬರುತ್ತದೆ?

ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಎಂದಕೂಡಲೇ ನೆನಪಾಗುವುದು ಅಮೆರಿಕದ ಎನ್‌ಬಿಎ. ಅಲ್ಲಿನ ಲೆಕ್ಕವನ್ನೇ ಇಲ್ಲಿಗೂ ಹಚ್ಚುವುದರಿಂದ ಆಟದ ಹಣಕಾಸಿನ ಬಗ್ಗೆ ತಪ್ಪು ತಿಳಿವಳಿಕೆ ಬೇರೂರಿದೆ.

ಕಲ್ಪನೆ: ಎನ್‌ಬಿಎ ನಡೆಯುವುದು ಟಿಕೆಟ್ ಹಣದಿಂದ, ದುಡ್ಡಿರುವ ಮಾಲೀಕ ಯಾರನ್ನು ಬೇಕಾದರೂ ಕೊಳ್ಳಬಹುದು.

ಸತ್ಯ: ದೊಡ್ಡ ಆದಾಯ ಪ್ರಸಾರದ ಹಕ್ಕಿನದು. 2025-26ರಿಂದ ಜಾರಿಗೆ ಬಂದ 11 ವರ್ಷಗಳ ಒಪ್ಪಂದದ ಮೊತ್ತವೇ ಸುಮಾರು 7,600 ಕೋಟಿ ಡಾಲರ್. ಆಟದಿಂದ ಬರುವ ಆದಾಯದಲ್ಲಿ ಹೆಚ್ಚುಕಡಿಮೆ ಅರ್ಧ ಆಟಗಾರರಿಗೆ ಸೇರಬೇಕೆಂಬ ಕರಾರಿದೆ. ತಂಡದ ಸಂಬಳಕ್ಕೂ ಮಿತಿಯಿದೆ. ಅದನ್ನು ಕೆಲವು ವಿನಾಯಿತಿಗಳಡಿ ದಾಟಬಹುದಾದರೂ ತೀರಾ ಮೇಲೇರಿದರೆ ಭಾರೀ ತೆರಿಗೆ ತೆರಬೇಕು.

ಕಲ್ಪನೆ: ಎನ್‌ಬಿಎಗೆ ಆಯ್ಕೆಯಾದರೆ ಸಾಕು, ಕೋಟಿಗಳು ಬಂದಂತೆಯೇ.

ಸತ್ಯ: ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲ ಸುತ್ತಿನವರಿಗಷ್ಟೇ ಖಾತ್ರಿಯ ಒಪ್ಪಂದ. 2015ರಲ್ಲಿ ಡಲ್ಲಾಸ್ ಮಾವೆರಿಕ್ಸ್ ತಂಡ ಪಂಜಾಬಿನ ಸತ್ನಾಂ ಸಿಂಗ್ ಅವರನ್ನು ಆರಿಸಿದ್ದು ಎರಡನೇ ಸುತ್ತಿನಲ್ಲಿ, 52ನೆಯವರಾಗಿ. ಅವರು ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಕೆಳಹಂತದ ಲೀಗ್‌ನಲ್ಲಿ ಆಡಿದರು.

ಕಲ್ಪನೆ: ಬೆಂಗಳೂರಿನ ಹೆಸರಿನ ತಂಡವಿದೆ ಎಂದಮೇಲೆ ಇಲ್ಲಿಯೂ ಐಪಿಎಲ್‌ನಂಥ ವ್ಯವಸ್ಥೆಯೇ ಇರಬೇಕು.

ಸತ್ಯ: 2015ರಿಂದ 2017ರವರೆಗೆ ನಡೆದ ಯುಬಿಎ ಲೀಗ್‌ನಲ್ಲಿ ಬೆಂಗಳೂರು ಬೀಸ್ಟ್ ಇತ್ತು, 2022-23ರ ಐಎನ್‌ಬಿಎಲ್ ಎಂಬ ಲೀಗ್‌ನ ಆರು ತಂಡಗಳಲ್ಲಿ ಬೆಂಗಳೂರು ಕಿಂಗ್ಸ್ ಒಂದು. ಆದರೆ ಎಲ್ಲ ತಂಡಗಳೂ ಒಂದೇ ಊರಿನಲ್ಲಿ ಸೇರಿ ಆಡುವ ಪದ್ಧತಿ ಅಲ್ಲಿತ್ತು. ತವರಿನ ಅಂಗಳವೂ ಇರಲಿಲ್ಲ, ಪ್ರತಿವಾರ ಬಂದು ಕೂಗುವ ಊರವರೂ ಇರಲಿಲ್ಲ. ಅಂಥ ಲೀಗಿನ ಹಣದಲ್ಲಿ ಇಡೀ ವರ್ಷದ ಸಂಸಾರ ಸಾಗುವುದಿಲ್ಲ.

ಕಲ್ಪನೆ: ಹಾಗಾದರೆ ಬ್ಯಾಸ್ಕೆಟ್‌ಬಾಲ್ ಅನ್ನ ಕೊಡುವುದಿಲ್ಲ.

ಸತ್ಯ: ಕೊಡುತ್ತದೆ, ಕಚೇರಿಯ ಮೂಲಕ. ದೇಶದ ಒಳ್ಳೆಯ ಆಟಗಾರರಲ್ಲಿ ಬಹುಪಾಲು ಮಂದಿ ರೈಲ್ವೆ, ಬ್ಯಾಂಕು, ಸೇನೆ, ತೈಲ ಕಂಪನಿಗಳ ನೌಕರರು. ಎದೆಯ ಮೇಲಿನ ಹೆಸರು ಊರಿನದಲ್ಲ, ಇಲಾಖೆಯದು. 2021ರಲ್ಲಿ ಪದ್ಮಶ್ರೀ ಪಡೆದ ಅನಿತಾ ಪಾಲ್‌ದುರೈ ದಕ್ಷಿಣ ರೈಲ್ವೆಯ ನೌಕರಿಯಲ್ಲಿದ್ದುಕೊಂಡೇ ಭಾರತಕ್ಕೆ ಆಡಿದವರು. ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಿಗೆ ಇಂದಿಗೂ ರೈಲು ಬಂದಿಲ್ಲ. ಆದರೂ ಯಲ್ಲಾಪುರ ತಾಲ್ಲೂಕಿನ ಮಾಗೋಡಿನ ಕಡೆಯ ಆಟಗಾರ್ತಿಗೆ ಹತ್ತಿರದ ಇಂಥ ನೌಕರಿಯ ಬಾಗಿಲು ರೈಲ್ವೆಯದೇ: ಹುಬ್ಬಳ್ಳಿಯಲ್ಲಿರುವ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ, ಯಲ್ಲಾಪುರದಿಂದ ಸುಮಾರು 70 ಕಿ.ಮೀ.

ರೈಲ್ವೆಯ ಕ್ರೀಡಾ ಕೋಟಾದ ಆಯ್ಕೆ ಒಟ್ಟು 100 ಅಂಕಗಳದು. ಹಿಂದಿನ ಸಾಧನೆಗೆ 50, ಅಂಗಳದಲ್ಲಿ ಆಡಿ ತೋರಿಸುವ ಪರೀಕ್ಷೆಗೆ 40, ಓದಿಗೆ 10. ಅಂಗಳದ ಪರೀಕ್ಷೆಯಲ್ಲಿ 25 ಬಾರದಿದ್ದರೆ ಮುಂದಿನದನ್ನು ನೋಡುವುದೇ ಇಲ್ಲ. ಹತ್ತನೇ ತರಗತಿ ಓದಿದವರಿಗೆ ಸಿಗುವ ಮೊದಲ ಹಂತದ ಹುದ್ದೆಗೆ ಏಳನೇ ವೇತನ ಆಯೋಗದಂತೆ ಮೂಲ ವೇತನ 18,000 ರೂಪಾಯಿ. ಪದವೀಧರರ ಐದನೇ ಹಂತಕ್ಕೆ 29,200. ಆದ್ದರಿಂದ ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡಿದ ಪ್ರಮಾಣಪತ್ರವನ್ನು ಜೋಪಾನವಾಗಿಡುವುದೂ, ಪದವಿ ಮುಗಿಸುವುದೂ ಚೆಂಡು ಹಾಕುವಷ್ಟೇ ಮುಖ್ಯ. ಎಷ್ಟೋ ಮನೆಗಳಲ್ಲಿ ಇದು ತಿಳಿಯುವುದು ತಡವಾಗಿ.

ಕಲ್ಪನೆ: ಇಲಾಖೆಯ ತಂಡಕ್ಕೆ ಅಳಿವಿಲ್ಲ.

ಸತ್ಯ: 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್‌ನ ಬ್ಯಾಸ್ಕೆಟ್‌ಬಾಲ್ ತಂಡ ಬೆಂಗಳೂರಿನ ಅಂಗಳಗಳಲ್ಲಿ ಹೆಸರುವಾಸಿಯಾಗಿತ್ತು. 2019ರ ಏಪ್ರಿಲ್ 1ರಂದು ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ನೌಕರರ ಕೆಲಸ ಹೊಸ ಬ್ಯಾಂಕಿನಲ್ಲಿ ಮುಂದುವರಿಯಿತು. ವಿಜಯಾ ಬ್ಯಾಂಕ್ ಎಂಬ ಹೆಸರು ಮಾತ್ರ ಅಂಗಳದಿಂದ ಮರೆಯಾಯಿತು.