ಬೇರೆ ತಟ್ಟೆ ಬೇಡ, ಒಂದೇ ಪಾತ್ರೆ ಸಾಕು

ಬಂಧುಬಳಗ ಸೇರುವ ಊಟಗಳಲ್ಲಿ ಮಾಂಸ, ಹಾಲು, ತುಪ್ಪಗಳನ್ನು ಬಿಟ್ಟ ಒಬ್ಬರಿಗೆ ಮೂಲೆಯಲ್ಲಿ ಬೇರೆ ತಟ್ಟೆ ಇಡುವುದನ್ನು ನಾವು ಹಲವು ಮನೆಗಳಲ್ಲಿ ಕಂಡಿದ್ದೇವೆ. ಬಡಿಸಿದ್ದೇನೋ ನಿಜ, ಪಂಕ್ತಿಗೆ ಸೇರಿಸಿಕೊಂಡೆವೇ?

ಅಮೆರಿಕದ ಟೆಕ್ಸಾಸ್ ರಾಜ್ಯವು 1977ರಲ್ಲಿ 'ಚಿಲ್ಲಿ'ಯನ್ನು ತನ್ನ ಅಧಿಕೃತ ಖಾದ್ಯವೆಂದು ಘೋಷಿಸಿತು. ಮಾಂಸವನ್ನು ಒಣಮೆಣಸಿನಕಾಯಿಯೊಡನೆ ಬೇಯಿಸಿದ ಗಟ್ಟಿ ಸಾರು ಅದು. ಕಾಳು ಸೇರಿಸುವುದನ್ನು ಅಲ್ಲಿನ ಹಲವರು ಒಪ್ಪರು. ಆದರೂ ಬರಿಯ ರಾಜ್ಮಾದಿಂದ ಮಾಡುವ ಚಿಲ್ಲಿಯೂ ಇಂದು ಅನೇಕ ಮನೆಗಳ ಕೂಟದೂಟವಾಗಿದೆ. ನಮಗೂ ಅದು ತೀರ ಪರಕೀಯವಲ್ಲ. ಮೆಣಸಿನಕಾಯಿ, ಟೊಮೆಟೊ, ರಾಜ್ಮಾ ಮೂರೂ ಅಮೆರಿಕ ಖಂಡಗಳಿಂದಲೇ ನಮ್ಮ ಅಡುಗೆಮನೆಗೆ ಬಂದವು.

ಹತ್ತು ಮಂದಿಗೆ ಮುಕ್ಕಾಲು ಕಿಲೋ ರಾಜ್ಮಾ ಸಾಕು. ಹಿಂದಿನ ರಾತ್ರಿಯೇ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತನೆ ಕುದಿಸಬೇಕು. ಹಸಿ ಕಾಳಿನಲ್ಲಿರುವ ವಿಷಾಂಶ ಮಂದ ಉರಿಗೆ ಅಳಿಯದು. ಅರೆಬೆಂದ ಕಾಳು ವಾಂತಿ ಭೇದಿಯನ್ನು ತಂದೀತು. ಅನಂತರ ಮೆತ್ತಗಾಗುವವರೆಗೆ ಬೇಯಲಿ. ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆಗಳನ್ನು ಬಾಡಿಸಿ, ಬ್ಯಾಡಗಿ ಮೆಣಸಿನಪುಡಿ, ಟೊಮೆಟೊ, ಉಪ್ಪು ಬೆರೆಸಿ, ಬೆಂದ ಕಾಳನ್ನು ಹಾಕಿ ಸಣ್ಣ ಉರಿಯಲ್ಲಿ ಇನ್ನೊಂದು ಗಂಟೆ ಇಡಬೇಕು. ಒಂದೆರಡು ಸೌಟು ಕಾಳನ್ನು ಮಸೆದು ಬೆರೆಸಿದರೆ ಸಾರು ತಾನಾಗಿ ಗಟ್ಟಿಯಾಗುವುದು.

ನಾಳೆ ಬರುವವರನ್ನು ಇಂದು ರಾತ್ರಿಯೇ ನೆನೆಯದೆ ಈ ಅಡುಗೆ ಸಾಧ್ಯವಿಲ್ಲ. ಆದರವೆಂದರೆ ಬಹುಶಃ ಇಷ್ಟೇ: ಒಬ್ಬರಿಗಾಗಿ ಬೇರೆ ಮಾಡುವುದಲ್ಲ, ಆ ಒಬ್ಬರು ಉಣ್ಣಬಲ್ಲುದನ್ನೇ ಎಲ್ಲರೂ ಕೂಡಿ ಉಣ್ಣುವುದು.