ಅಕ್ಕನಿಗೆ ಸೀಟು, ತಮ್ಮನಿಗೆ ರೂಲು

ರಾತ್ರಿ ಬುಲೆಟಿನ್ ಮುಗಿಸಿ ಸ್ಟುಡಿಯೋದಿಂದ ಹೊರಡುವಾಗ ಹನ್ನೊಂದೂವರೆ ಆಗಿರುತ್ತೆ. ಆ ಹೊತ್ತಿಗೆ ನಮ್ಮನ್ನು ಮನೆಗೆ ಬಿಡುವ ಕ್ಯಾಬ್ ಡ್ರೈವರ್ ಒಬ್ಬರಿದ್ದಾರೆ. ಆರೇಳು ವರ್ಷದ ಪರಿಚಯ. ರಾಜಕೀಯ ಮಾತಾಡಲ್ಲ, ಬರೀ ಕ್ರಿಕೆಟ್ಟು. 2025ರ ಏಪ್ರಿಲ್‌ನಲ್ಲಿ ಒಂದು ರಾತ್ರಿ ಸಿಗ್ನಲ್‌ನಲ್ಲಿ ಗಾಡಿ ನಿಂತಾಗ ಇದ್ದಕ್ಕಿದ್ದಂತೆ ಕೇಳಿದರು: "ಸಾರ್, ಆರ್‌ಟಿಇ ಎಂಟನೇ ಕ್ಲಾಸಿಗೇ ಮುಗಿದುಹೋಗುತ್ತಂತೆ, ಹೌದಾ?"

ಹೌದು ಅಂದೆ. ಕಾಯ್ದೆ ಇರುವುದೇ 6ರಿಂದ 14 ವರ್ಷದ ಮಕ್ಕಳಿಗೆ. ಒಂದರಿಂದ ಎಂಟನೇ ತರಗತಿವರೆಗೆ.

"ಹಂಗಾದ್ರೆ ಒಂಬತ್ತಕ್ಕೆ ಅರವತ್ತು ಸಾವಿರ ಕಟ್ಟಬೇಕು ಅಂತಿದ್ದಾರೆ ಸಾರ್, ಸ್ಕೂಲಿನವರು. ಎಲ್ಲಿಂದ ತರೋದು?"

ಅವರಿಗೆ ಇಬ್ಬರು ಮಕ್ಕಳು. ಮಗಳಿಗೆ 2017ರಲ್ಲಿ ಲಾಟರಿಯಲ್ಲಿ ಆರ್‌ಟಿಇ ಸೀಟು ಸಿಕ್ಕಿತು, ಖಾಸಗಿ ಶಾಲೆಗೆ ಸೇರಿದಳು. ಮಗ ಎರಡು ವರ್ಷ ಚಿಕ್ಕವನು. 2019ರಲ್ಲಿ ಅವನಿಗೂ ಅರ್ಜಿ ಹಾಕೋಣ ಅಂತ ಹೋದರೆ, ನಿಮ್ಮ ವಾರ್ಡಿನಲ್ಲಿ ಸರ್ಕಾರಿ ಶಾಲೆ ಇದೆ, ಸೀಟಿಲ್ಲ ಅಂದರು. ಅದೇ ಮನೆ, ಅದೇ ಬೀದಿ, ಅದೇ ಆದಾಯ ಪ್ರಮಾಣಪತ್ರ. ಅಕ್ಕನಿಗೆ ಬಾಗಿಲು ತೆರೆದಿತ್ತು, ತಮ್ಮ ಬರುವಷ್ಟರಲ್ಲಿ ಮುಚ್ಚಿತ್ತು. ಆ ಎರಡು ವರ್ಷದಲ್ಲಿ ಏನಾಯಿತು ಅನ್ನುವುದನ್ನು ಇವತ್ತು ಸ್ವಲ್ಪ ಬಿಡಿಸಿ ಹೇಳ್ತೀನಿ. ಇದರಲ್ಲಿ ನನ್ನದೂ ಒಂದು ತಪ್ಪಿದೆ, ಅದನ್ನೂ ಹೇಳ್ತೀನಿ.

ಮೊದಲು ಅಮೆರಿಕಕ್ಕೆ ಒಂದು ಸುತ್ತು ಹೋಗಿ ಬರೋಣ. ಯಾಕಂದ್ರೆ ಈ ಜಗಳಕ್ಕೆ ಹೆಸರು ಕೊಟ್ಟವರು ಅಲ್ಲಿಯವರು. 1955ರಲ್ಲಿ ಮಿಲ್ಟನ್ ಫ್ರೀಡ್‌ಮನ್ ಅನ್ನುವ ಅರ್ಥಶಾಸ್ತ್ರಜ್ಞ ಒಂದು ಪ್ರಬಂಧ ಬರೆದರು. ಶಿಕ್ಷಣಕ್ಕೆ ಸರ್ಕಾರ ದುಡ್ಡು ಕೊಡಲಿ, ಆದರೆ ಶಾಲೆಯನ್ನು ಸರ್ಕಾರವೇ ನಡೆಸಬೇಕೆಂದೇನಿಲ್ಲ. ದುಡ್ಡನ್ನು ಚೀಟಿಯ ರೂಪದಲ್ಲಿ ಅಪ್ಪ ಅಮ್ಮನ ಕೈಗೆ ಕೊಡಿ, ಅವರು ಬೇಕಾದ ಶಾಲೆಗೆ ಹೋಗಲಿ ಅಂತ. ಆ ಚೀಟಿಯೇ ವೋಚರ್. 1990ರಲ್ಲಿ ಮಿಲ್ವಾಕಿ ನಗರದಲ್ಲಿ ಬಡ ಮಕ್ಕಳಿಗೆಂದು ಶುರುವಾಯಿತು. ಅದನ್ನು ತಂದದ್ದು ರಿಪಬ್ಲಿಕನ್ ಗವರ್ನರ್ ಟಾಮಿ ಥಾಮ್ಸನ್ ಮತ್ತು ಡೆಮಾಕ್ರಟಿಕ್ ಪಕ್ಷದ ಕಪ್ಪು ಶಾಸಕಿ ಪಾಲಿ ವಿಲಿಯಮ್ಸ್, ಇಬ್ಬರೂ ಸೇರಿ. ಇವತ್ತಿನ ಅಮೆರಿಕದಲ್ಲಿ ಇಂಥ ಜೋಡಿ ಊಹಿಸೋದೂ ಕಷ್ಟ. ಮೂವತ್ತೈದು ವರ್ಷದಲ್ಲಿ ಬಡವರ ಚೀಟಿ ಎಲ್ಲರ ಚೀಟಿಯಾಗಿದೆ. 2022ರಲ್ಲಿ ಅರಿಜೋನ ರಾಜ್ಯ ಅದನ್ನು ಎಲ್ಲ ಮಕ್ಕಳಿಗೂ ತೆರೆಯಿತು. 2025ರ ಮೇನಲ್ಲಿ ಟೆಕ್ಸಾಸ್ ನೂರು ಕೋಟಿ ಡಾಲರ್ ಎತ್ತಿಟ್ಟಿತು. ಡಲ್ಲಾಸ್, ಹೂಸ್ಟನ್‌ನಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲೂ ಈಗ ಇದೇ ಮಾತು. ಅಲ್ಲಿನ ಶಿಕ್ಷಕರ ಯೂನಿಯನ್‌ಗಳು ಇದರ ವಿರುದ್ಧ ಬೀದಿಗಿಳಿಯುತ್ತವೆ, ಚುನಾವಣೆಗೆ ದುಡ್ಡು ಸುರಿಯುತ್ತವೆ. 2024ರ ನವೆಂಬರ್‌ನಲ್ಲಿ ಟ್ರಂಪ್ ಗೆದ್ದ ಕೆಂಟಕಿ ರಾಜ್ಯದಲ್ಲೇ ಜನ ವೋಚರ್‌ಗೆ ದಾರಿ ಮಾಡುವ ತಿದ್ದುಪಡಿಯನ್ನು ಮತ ಹಾಕಿ ತಿರಸ್ಕರಿಸಿದರು. ಹಳ್ಳಿಗಾಡಿನ ಅಮೆರಿಕನ್ನರಿಗೆ ಗೊತ್ತು, ಅವರ ಊರಲ್ಲಿ ಚೀಟಿ ಹಿಡಿದುಕೊಂಡು ಹೋಗೋಕೆ ಬೇರೆ ಶಾಲೆಯೇ ಇಲ್ಲ.

ಇರಲಿ. ನಮ್ಮೂರಿಗೆ ಬರೋಣ. ವೋಚರ್ ಅನ್ನುವ ಪದವನ್ನೇ ಬಳಸದೆ ನಾವು ಅದನ್ನು ಏಳು ವರ್ಷ ನಡೆಸಿದ್ದೀವಿ ಅಂದರೆ ಎಷ್ಟು ಜನ ನಂಬ್ತೀರಿ?

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಯಾದದ್ದು 2010ರ ಏಪ್ರಿಲ್ 1ಕ್ಕೆ. ಅದರಲ್ಲಿ 12(1)(ಸಿ) ಅಂತ ಒಂದು ಕಲಂ. ಖಾಸಗಿ ಅನುದಾನರಹಿತ ಶಾಲೆಗಳು ಪ್ರವೇಶ ತರಗತಿಯ ಕನಿಷ್ಠ ಶೇ. 25 ಸೀಟನ್ನು ಬಡ ಮತ್ತು ಅವಕಾಶವಂಚಿತ ಮಕ್ಕಳಿಗೆ ಉಚಿತವಾಗಿ ಕೊಡಬೇಕು. ಸರ್ಕಾರ ತನ್ನ ಶಾಲೆಯಲ್ಲಿ ಒಂದು ಮಗುವಿಗೆ ಎಷ್ಟು ಖರ್ಚು ಮಾಡುತ್ತೋ ಅದು, ಅಥವಾ ಆ ಶಾಲೆಯ ಫೀಸು, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ವಾಪಸ್ ಕೊಡುತ್ತೆ. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು, ಆ ವರ್ಷವೇ ಕರ್ನಾಟಕದಲ್ಲಿ ಶುರುವಾಯಿತು. ಮಗುವಿನ ಹಿಂದೆ ಸರ್ಕಾರದ ದುಡ್ಡು ಖಾಸಗಿ ಶಾಲೆಗೆ ಹೋಗುತ್ತೆ. ಇದು ವೋಚರ್ ಅಲ್ಲದೆ ಇನ್ನೇನು? ಚೀಟಿ ಅಪ್ಪನ ಕೈಗೆ ಬರಲಿಲ್ಲ ಅನ್ನೋದೊಂದೇ ವ್ಯತ್ಯಾಸ.

ಕರ್ನಾಟಕದಲ್ಲಿ ಒಂದನೇ ತರಗತಿಗೆ ವರ್ಷಕ್ಕೆ ಗರಿಷ್ಠ 16 ಸಾವಿರ, ಎಲ್‌ಕೆಜಿಗೆ 8 ಸಾವಿರ. ಮೊದಲು ಅದೂ ಇರಲಿಲ್ಲ, 11,848 ರೂಪಾಯಿ ಇತ್ತು. ಖಾಸಗಿ ಆಡಳಿತ ಮಂಡಳಿಯವರು ಇದು ಸಾಲಲ್ಲ, ಬರೋದೂ ತಡ ಅಂತ ಗೊಣಗಿದರು. ಕೆಲವರು ಬೇರೆ ಬೇರೆ ಹೆಸರಲ್ಲಿ ಪೋಷಕರಿಂದ ಕಿತ್ತರು. ನಮ್ಮ ಡ್ರೈವರ್ ಕೂಡ "ಫ್ರೀ" ಸೀಟಿಗೆ ಪುಸ್ತಕ, ಸಮವಸ್ತ್ರ, ವಾರ್ಷಿಕೋತ್ಸವ ಅಂತ ವರ್ಷಾ ವರ್ಷಾ ಕಟ್ಟಿದ್ದಾರೆ. ರಸೀದಿ ಕೇಳಲಿಲ್ವಾ ಅಂದರೆ ನಕ್ಕರು.

ವಿರೋಧ ಬಂದದ್ದು ಇನ್ನೊಂದು ಕಡೆಯಿಂದ. ಸರ್ಕಾರಿ ಶಾಲೆಯ ಮೇಷ್ಟ್ರುಗಳು, ಕನ್ನಡಪರ ಹೋರಾಟಗಾರರು, ಸಾಹಿತಿಗಳು. ವರ್ಷಕ್ಕೆ ಲಕ್ಷದ ಲೆಕ್ಕದಲ್ಲಿ ಸೀಟು ಖಾಸಗಿ ಶಾಲೆಯಲ್ಲಿ ಅಂದರೆ ಅಷ್ಟು ಮಕ್ಕಳು ಸರ್ಕಾರಿ ಕನ್ನಡ ಶಾಲೆಯಿಂದ ಎದ್ದು ಹೋದ ಹಾಗೆ ಅನ್ನುವುದು ಅವರ ವಾದ. ಸುಳ್ಳಲ್ಲ. ಮೇಷ್ಟ್ರ ಹುದ್ದೆ ನಿಂತಿರೋದೇ ಮಕ್ಕಳ ಲೆಕ್ಕದ ಮೇಲೆ. ಅರವತ್ತರವರೆಗೆ ಮಕ್ಕಳಿದ್ದರೆ ಇಬ್ಬರು ಶಿಕ್ಷಕರು, ಆಮೇಲೆ ಮೂವತ್ತಕ್ಕೊಬ್ಬರು. ಮಕ್ಕಳು ಕಡಿಮೆಯಾದರೆ ಒಬ್ಬರು "ಹೆಚ್ಚುವರಿ" ಅನ್ನಿಸಿಕೊಂಡು ಬೇರೆ ಊರಿಗೆ ಹೋಗಬೇಕು. ಇಬ್ಬರು ಶಿಕ್ಷಕರು ಐದು ತರಗತಿ ನೋಡುವ ಶಾಲೆಗೆ ಯಾವ ಅಪ್ಪ ಮಗುವನ್ನು ಸೇರಿಸ್ತಾನೆ? ಅವನು ಸೇರಿಸಲಿಲ್ಲ ಅಂತ ಇನ್ನೊಂದು ಹುದ್ದೆ ಹೋಗುತ್ತೆ. ಚಕ್ರ ತಿರುಗ್ತಾನೇ ಇರುತ್ತೆ.

ಸಂಘ ಅಂದಾಗ ಒಂದು ಮಾತು. ನಮ್ಮಲ್ಲಿ ಶಿಕ್ಷಕರಿಗೆ ಅಮೆರಿಕದವರಿಗೂ ಇಲ್ಲದ ಸವಲತ್ತಿದೆ. ಸಂವಿಧಾನದ 171ನೇ ವಿಧಿಯಲ್ಲೇ ವಿಧಾನ ಪರಿಷತ್ತಿನ ಹನ್ನೆರಡನೇ ಒಂದು ಭಾಗ ಶಿಕ್ಷಕರಿಗೆ. ಕರ್ನಾಟಕದಲ್ಲಿ 75ರಲ್ಲಿ 7 ಸೀಟು. ಬಸವರಾಜ ಹೊರಟ್ಟಿಯವರು 1980ರಿಂದ ಎಂಟು ಸಲ ಗೆದ್ದದ್ದು ಶಿಕ್ಷಕರ ಕ್ಷೇತ್ರದಿಂದಲೇ. ಆದರೆ ಆ ಕ್ಷೇತ್ರಕ್ಕೆ ಓಟು ಹಾಕುವವರು ಯಾರು ಗೊತ್ತಾ? ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನ ಸಂಸ್ಥೆಗಳ ಶಿಕ್ಷಕರು ಮಾತ್ರ. ಅ ಆ ಇ ಈ ಕಲಿಸುವ ಪ್ರಾಥಮಿಕ ಶಾಲೆಯ ಮೇಷ್ಟ್ರಿಗೆ ಶಿಕ್ಷಕರ ಕ್ಷೇತ್ರದಲ್ಲಿ ಓಟೇ ಇಲ್ಲ! ಆರ್‌ಟಿಇಯಿಂದ ನೇರವಾಗಿ ಏಟು ತಿಂದವರು ಅವರೇ. ಇನ್ನು ಖಾಸಗಿ ಶಾಲೆಯ ಟೀಚರ್? ಆಡಳಿತ ಮಂಡಳಿಗಳಿಗೆ ಗಟ್ಟಿ ಸಂಘಟನೆ ಇದೆ, ಆ ಟೀಚರ್ ಪರ ಮಾತಾಡೋರು ಇಲ್ಲ. ಕೋವಿಡ್‌ನಲ್ಲಿ ಸಂಬಳ ನಿಂತು, 2021ರಲ್ಲಿ ಸರ್ಕಾರ 5 ಸಾವಿರ ರೂಪಾಯಿ ಪರಿಹಾರ ಕೊಟ್ಟಿತಲ್ಲ, ಅವರೇ ಇವರು.

2019ರ ಜನವರಿಯಲ್ಲಿ ಸರ್ಕಾರ ನಿಯಮಕ್ಕೆ ತಿದ್ದುಪಡಿ ತಂದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆರ್‌ಟಿಇ ಸೀಟು ಕೊಡಬೇಕಿಲ್ಲ. ನೆರೆಹೊರೆ ಅಂದರೆ ಹಳ್ಳಿಯಲ್ಲಿ ಊರಿನ ಗಡಿ, ನಗರದಲ್ಲಿ ವಾರ್ಡು. ಕರ್ನಾಟಕದಲ್ಲಿ ಸರ್ಕಾರಿ ಶಾಲೆ ಇಲ್ಲದ ಊರು ಎಷ್ಟಿದೆ ಹೇಳಿ? ಲಕ್ಷ ದಾಟಿದ್ದ ಸೀಟು ಒಂದೇ ವರ್ಷದಲ್ಲಿ 20 ಸಾವಿರದ ಒಳಗೆ ಬಂತು. ಅದೇ ಮೇ 31ಕ್ಕೆ ಹೈಕೋರ್ಟ್ ಕೂಡ ಸರಿ ಅಂದಿತು. ಕಲಿಸುವ ಮೊದಲ ಹೊಣೆ ಸರ್ಕಾರದ್ದು, ಖಾಸಗಿಯವರದ್ದಲ್ಲ ಅಂತ.

ಆ ವಾರ ನಾನೊಂದು ಕಾರ್ಯಕ್ರಮ ಮಾಡಿದೆ. "ಜನರ ತೆರಿಗೆ ದುಡ್ಡು ಖಾಸಗಿ ಜೇಬಿಗೆ ಯಾಕೆ?" ಅಂತ ಮೂರು ಸಲ ಕೇಳಿದೆ, ಜೋರಾಗಿ. ಸರ್ಕಾರ ಹೇಳಿದ್ದನ್ನು ನಾನೂ ಹೇಳಿದೆ: ಆ ದುಡ್ಡು ಇನ್ನು ಸರ್ಕಾರಿ ಶಾಲೆಗೆ ಬರುತ್ತೆ. ಕೇಳಬೇಕಿದ್ದ ಪ್ರಶ್ನೆ ಕೇಳಲಿಲ್ಲ. ಬರುತ್ತೆ ಅಂದರೆ ಯಾವ ಶಾಲೆಗೆ, ಯಾವಾಗ, ಎಷ್ಟು? ಬಿಟ್ಟುಹೋದ ಪ್ರತಿ ಸೀಟಿನ 16 ಸಾವಿರ ಎಲ್ಲಿ ಕೂತಿದೆ ಅಂತ ಬಜೆಟ್ ಪುಸ್ತಕದಲ್ಲಿ ಹುಡುಕಿ ನೋಡಿ. ಅದಕ್ಕೊಂದು ಪ್ರತ್ಯೇಕ ಸಾಲಿಲ್ಲ. ಆಗ ಇದ್ದದ್ದು ಜೆಡಿಎಸ್-ಕಾಂಗ್ರೆಸ್ ಸರ್ಕಾರ, ಆಮೇಲೆ ಬಿಜೆಪಿ ಬಂತು, ಈಗ ಕಾಂಗ್ರೆಸ್. ಮೂರು ಪಕ್ಷವೂ ಅಧಿಕಾರದಲ್ಲಿ ಕೂತವು. ನಿಯಮ ಮಾತ್ರ ಹಾಗೇ ಇದೆ.

ತಮಾಷೆ ನೋಡಿ. 2024ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರ ನಮ್ಮನ್ನೇ ಹೋಲುವ ನಿಯಮ ತಂದಿತು, ಒಂದು ಕಿಲೋಮೀಟರ್ ಒಳಗೆ ಸರ್ಕಾರಿ ಶಾಲೆ ಇದ್ದರೆ ಸೀಟಿಲ್ಲ ಅಂತ. ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕಾಯ್ದೆಯಲ್ಲೇ ಇಲ್ಲದ ವಿನಾಯಿತಿಯನ್ನು ನಿಯಮದಲ್ಲಿ ತುರುಕೋಕಾಗಲ್ಲ ಅನ್ನೋದು ಅದರ ಸಾರ. ಸುಪ್ರೀಂ ಕೋರ್ಟ್ ಆ ತೀರ್ಪಿಗೆ ಕೈ ಹಾಕಲಿಲ್ಲ. ಅಂದರೆ ಒಂದೇ ಕಾಯ್ದೆ. ಕೊಲ್ಲಾಪುರದ ಮಗುವಿಗೆ ಸೀಟಿದೆ, ಗಡಿ ದಾಟಿ ಬೆಳಗಾವಿಗೆ ಬಂದರೆ ಇಲ್ಲ.

ಹಾಗಾದರೆ ಸೀಟು ಸಿಕ್ಕಿದ್ದರೆ ಮಗು ಹೆಚ್ಚು ಕಲಿಯುತ್ತಿತ್ತಾ? ಇದಕ್ಕೆ ಪಕ್ಕದ ಆಂಧ್ರದಲ್ಲಿ ಒಂದು ಒಳ್ಳೆ ಪ್ರಯೋಗ ನಡೆದಿದೆ. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅನ್ನುವ ಅರ್ಥಶಾಸ್ತ್ರಜ್ಞರು 180 ಹಳ್ಳಿಗಳಲ್ಲಿ ಮಾಡಿದ ಅಧ್ಯಯನ, 2015ರಲ್ಲಿ ಪ್ರಕಟವಾಯಿತು. ಸರ್ಕಾರಿ ಶಾಲೆಯ ಮಕ್ಕಳಲ್ಲಿ ಲಾಟರಿ ಎತ್ತಿ ಕೆಲವರಿಗೆ ಖಾಸಗಿ ಶಾಲೆಗೆ ವೋಚರ್ ಕೊಟ್ಟರು. ನಾಲ್ಕು ವರ್ಷದ ನಂತರ ಪರೀಕ್ಷೆ ಮಾಡಿದರೆ ತೆಲುಗಿನಲ್ಲೂ ಗಣಿತದಲ್ಲೂ ವ್ಯತ್ಯಾಸವೇ ಇಲ್ಲ. ಹಿಂದಿಯಲ್ಲಿ ಮಾತ್ರ ಖಾಸಗಿ ಮಕ್ಕಳು ಮುಂದೆ, ಯಾಕಂದ್ರೆ ಅಲ್ಲಿ ಹಿಂದಿ ಹೆಚ್ಚು ಕಲಿಸ್ತಿದ್ದರು. ಖರ್ಚು? ಸರ್ಕಾರಿ ಶಾಲೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ.

ಇದನ್ನು ಎರಡು ಪಕ್ಷದವರೂ ಟಿವಿಯಲ್ಲಿ ತಮ್ಮದು ಅಂತಾರೆ. ಒಬ್ಬರು, ನೋಡಿ, ಕಮ್ಮಿ ದುಡ್ಡಿಗೆ ಅಷ್ಟೇ ಕಲಿಕೆ ಅಂತ. ಇನ್ನೊಬ್ಬರು, ನೋಡಿ, ಖಾಸಗಿಗೆ ಹೋದ್ರೂ ಹೆಚ್ಚೇನೂ ಕಲೀಲಿಲ್ಲ ಅಂತ. ನಾನು ನೋಡೋದು ಆ ಕಮ್ಮಿ ದುಡ್ಡನ್ನು. ಅದು ಬಹುಪಾಲು ಟೀಚರ್ ಸಂಬಳದಲ್ಲಿ ಉಳಿದದ್ದು. ನಾವೇನು ಸಾಚಾ ಅಂದ್ಕೋಬೇಡಿ, ನಮ್ಮ ಸರ್ಕಾರಿ ಶಾಲೆಯೂ ಈಗ ಅದೇ ದಾರಿ ಹಿಡಿದಿದೆ. ಕಾಯಂ ನೇಮಕಾತಿ ಇಲ್ಲ, ಅತಿಥಿ ಶಿಕ್ಷಕರು, ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಗೌರವಧನ. ಇರುವ ಕಾಯಂ ಮೇಷ್ಟ್ರನ್ನು ಸಮೀಕ್ಷೆಗೆ ಕಳಿಸ್ತೀವಿ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಕಳಿಸಬಾರದು ಅಂತ ಅದೇ ಆರ್‌ಟಿಇ ಕಾಯ್ದೆಯ 27ನೇ ಕಲಂ ಹೇಳುತ್ತೆ. ಸಂಘದವರು ಪಿಂಚಣಿಗೆ ಬೀದಿಗಿಳಿಯುವ ಜೋರಿನಲ್ಲಿ ಈ ಕಲಂ ಹಿಡಿದುಕೊಂಡು ಇಳಿದರೆ ಪೋಷಕರೂ ಜೊತೆಗೆ ಬರ್ತಾರೆ. ಇದು ನನ್ನ ಅಭಿಪ್ರಾಯ, ಬೈಯೋರು ಬೈಯಿರಿ.

1966ರಲ್ಲಿ ಕೊಠಾರಿ ಆಯೋಗ ಹೇಳಿದ್ದು ಎರಡು ಮಾತು. ರಾಷ್ಟ್ರೀಯ ಆದಾಯದ ಶೇ. 6 ಶಿಕ್ಷಣಕ್ಕೆ ಕೊಡಿ. ಬಡವರ ಮಗು, ಸಾಹುಕಾರರ ಮಗು ಒಂದೇ ನೆರೆಹೊರೆ ಶಾಲೆಗೆ ಹೋಗಲಿ. 2020ರ ಶಿಕ್ಷಣ ನೀತಿಯಲ್ಲೂ ಆ ಶೇ. 6 ಮತ್ತೆ ಬರೆದಿದ್ದಾರೆ. ನೆರೆಹೊರೆ ಅನ್ನುವ ಪದವನ್ನು ಮಾತ್ರ ನಾವು ಚೆನ್ನಾಗಿ ಬಳಸಿಕೊಂಡೆವು, ಬಡವರ ಮಗುವಿಗೆ ಸೀಟಿಲ್ಲ ಅನ್ನೋಕೆ.

ಡ್ರೈವರ್ ವಿಷಯ ಅರ್ಧಕ್ಕೆ ಬಿಟ್ಟೆ. ಮಕ್ಕಳು ಹೇಗೆ ಓದ್ತಾರೆ ಅಂತ ಅವತ್ತು ಕೇಳಿದ್ದೆ. "ಮಗಳು ಇಂಗ್ಲಿಷ್ ಪಟಪಟ ಮಾತಾಡ್ತಾಳೆ ಸಾರ್. ಮಗ ಲೆಕ್ಕದಲ್ಲಿ ಅವಳಿಗಿಂತ ಚುರುಕು. ಆದ್ರೆ ನೆಂಟರು ಬಂದಾಗ ಅವಳನ್ನೇ ಮಾತಾಡಿಸ್ತಾರೆ. ಇವನು ಒಳಗೆ ಹೋಗಿಬಿಡ್ತಾನೆ." ಅವನ ಶಾಲೆಯಲ್ಲಿ ಆ ವರ್ಷ ಗಣಿತಕ್ಕೆ ಇದ್ದದ್ದು ಅತಿಥಿ ಶಿಕ್ಷಕಿ. ಒಳ್ಳೆ ಟೀಚರಂತೆ. ಮುಂದಿನ ವರ್ಷ ಅವರು ಇರ್ತಾರೋ ಇಲ್ಲವೋ ಶಾಲೆಯವರಿಗೇ ಗೊತ್ತಿರಲಿಲ್ಲ.

ಜೂನ್ ಮೊದಲ ವಾರ ಅವರು ಎರಡು ದಿನ ಬರಲಿಲ್ಲ. ಆಮೇಲೆ ಗೊತ್ತಾಯಿತು, ಮಗಳ ಟಿಸಿಗೆ ಅಲೆದಾಡ್ತಿದ್ದರಂತೆ. ಅವಳನ್ನು ಸರ್ಕಾರಿ ಹೈಸ್ಕೂಲಿನ ಒಂಬತ್ತನೇ ಕ್ಲಾಸಿಗೆ ಸೇರಿಸಿದ್ದಾರೆ. ಇಂಗ್ಲಿಷ್ ಮಾಧ್ಯಮದ ಸೆಕ್ಷನ್ ಇದೆಯಂತೆ. ತಮ್ಮನ ಶಾಲೆಯೂ ಅದೇ ಕಾಂಪೌಂಡಿನಲ್ಲಿ, ಈಗ ಇಬ್ಬರೂ ಒಂದೇ ಗೇಟಿನಿಂದ ಒಳಗೆ ಹೋಗ್ತಾರೆ.