ಸಂಸತ್ತಿನ ಉಭಯ ಸದನಗಳು ಮತ್ತು ವರ್ತಕರ ಅಹವಾಲು

ಕಾನೂನಿನ ಅಧಿಕಾರವಿಲ್ಲದೆ ಯಾವುದೇ ತೆರಿಗೆಯನ್ನು ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ ಎಂಬುದು ನಮ್ಮ ಸಂವಿಧಾನದ 265ನೇ ಅನುಚ್ಛೇದದ ಕಟ್ಟಳೆ. ಸರ್ಕಾರವು ವರ್ತಕನ ಗಲ್ಲಾಪೆಟ್ಟಿಗೆಗೆ ಕೈಹಾಕುವ ಮೊದಲು ಶಾಸನಸಭೆಯ ಬಾಗಿಲನ್ನು ದಾಟಿಯೇ ಬರಬೇಕೆಂಬುದು ಇದರ ತಾತ್ಪರ್ಯ. ಕೇಂದ್ರದ ಮಟ್ಟದಲ್ಲಿ ಅಂತಹ ಬಾಗಿಲುಗಳು ಎರಡು: ಲೋಕಸಭೆ ಮತ್ತು ರಾಜ್ಯಸಭೆ. ಇವುಗಳಲ್ಲಿ ಯಾವುದು ಯಾವ ವಿಷಯಕ್ಕೆ, ಎಷ್ಟು ಕಾಲ ತೆರೆದಿರುತ್ತದೆ ಎಂಬುದನ್ನು ಅರಿಯದೆ ಕಳುಹಿಸಿದ ಮನವಿಪತ್ರವು ಎಷ್ಟೇ ನ್ಯಾಯಬದ್ಧವಾಗಿದ್ದರೂ ಕಡತದಲ್ಲಿ ಉಳಿದುಬಿಡುತ್ತದೆ. ಆದುದರಿಂದ ಸಂಸತ್ತಿನ ಕಾರ್ಯವಿಧಾನವನ್ನು ವ್ಯಾಪಾರ ಹಾಗೂ ಸಣ್ಣ ಕೈಗಾರಿಕೆಗಳ ದೃಷ್ಟಿಯಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಎರಡು ಸದನಗಳ ರಚನೆ

ಸಂವಿಧಾನದ 79ನೇ ಅನುಚ್ಛೇದದ ಪ್ರಕಾರ ಸಂಸತ್ತು ಎಂದರೆ ರಾಷ್ಟ್ರಪತಿಗಳು ಮತ್ತು ಎರಡು ಸದನಗಳು. ಲೋಕಸಭೆಯ 543 ಸ್ಥಾನಗಳಿಗೆ ಮತದಾರರಿಂದ ನೇರ ಚುನಾವಣೆ ನಡೆಯುತ್ತದೆ. ಇವುಗಳಲ್ಲಿ ಕರ್ನಾಟಕದ ಪಾಲು 28. ನಮ್ಮ ವಿಧಾನಸಭೆಯ ಸ್ಥಾನಗಳು 224 ಆಗಿರುವುದರಿಂದ ಪ್ರತಿಯೊಂದು ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳು ಅಡಕವಾಗಿವೆ. ಲೋಕಸಭೆಯ ಅವಧಿ ಐದು ವರ್ಷ. ಮಂತ್ರಿಮಂಡಲವು ಸಾಮೂಹಿಕವಾಗಿ ಹೊಣೆಗಾರನಾಗಿರುವುದು ಈ ಸದನಕ್ಕೆ ಮಾತ್ರ; ಇಲ್ಲಿ ಬಹುಮತ ಕಳೆದುಕೊಂಡ ಸರ್ಕಾರ ಉಳಿಯಲಾರದು.

ರಾಜ್ಯಸಭೆಯ ಸ್ವರೂಪವೇ ಬೇರೆ. ಇದರ 245 ಸ್ಥಾನಗಳಲ್ಲಿ 233 ಸ್ಥಾನಗಳು ರಾಜ್ಯಗಳಿಗೆ ಮತ್ತು ಶಾಸನಸಭೆಯುಳ್ಳ ಕೇಂದ್ರಾಡಳಿತ ಪ್ರದೇಶಗಳಿಗೆ ಸೇರಿವೆ. ಉಳಿದ 12 ಮಂದಿಯನ್ನು ರಾಷ್ಟ್ರಪತಿಗಳು ನಾಮಕರಣ ಮಾಡುತ್ತಾರೆ. ಅಮೆರಿಕದ ಸೆನೆಟ್‌ನಲ್ಲಿ ದೊಡ್ಡ ರಾಜ್ಯಕ್ಕೂ ಚಿಕ್ಕ ರಾಜ್ಯಕ್ಕೂ ತಲಾ ಇಬ್ಬರು ಸದಸ್ಯರಿದ್ದಾರೆ. ನಮ್ಮಲ್ಲಿ ಹಾಗಿಲ್ಲ. ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12, ಗೋವಾ ಮತ್ತು ಸಿಕ್ಕಿಂ ರಾಜ್ಯಗಳಿಗೆ ತಲಾ ಒಂದು ಸ್ಥಾನವಿದೆ. ಈ ಸದನವು ಎಂದಿಗೂ ವಿಸರ್ಜನೆಯಾಗುವುದಿಲ್ಲ. ಸದಸ್ಯರ ಅವಧಿ ಆರು ವರ್ಷ. ಎರಡು ವರ್ಷಗಳಿಗೊಮ್ಮೆ ಮೂರನೆಯ ಒಂದು ಭಾಗ ನಿವೃತ್ತಿ ಹೊಂದುತ್ತದೆ.

ರಾಜ್ಯಸಭೆಯ ಸದಸ್ಯರನ್ನು ನಾವು ಆರಿಸುವುದಿಲ್ಲ, ನಾವು ಆರಿಸಿದ ಶಾಸಕರು ಆರಿಸುತ್ತಾರೆ. ಇದರ ಲೆಕ್ಕ ಸರಳವಾಗಿದೆ. ಕರ್ನಾಟಕದಿಂದ ನಾಲ್ಕು ಸ್ಥಾನಗಳು ತೆರವಾದಾಗ 224ನ್ನು ಐದರಿಂದ ಭಾಗಿಸಿ, ಒಂದನ್ನು ಕೂಡಿಸಿ, ಭಿನ್ನಾಂಶವನ್ನು ಬಿಟ್ಟರೆ 45 ಬರುತ್ತದೆ. ಎಲ್ಲ ಶಾಸಕರೂ ಮತ ಚಲಾಯಿಸಿದಲ್ಲಿ 45 ಮತಗಳು ಒಬ್ಬ ಅಭ್ಯರ್ಥಿಯ ಗೆಲುವನ್ನು ಖಚಿತಪಡಿಸುತ್ತವೆ. ಆದುದರಿಂದ ವಿಧಾನಸಭೆಗೆ ನಾವು ನೀಡುವ ಮತವು ಬೆಂಗಳೂರಿನಲ್ಲಷ್ಟೇ ಅಲ್ಲ, ದೆಹಲಿಯಲ್ಲಿಯೂ ಕೆಲಸ ಮಾಡುತ್ತದೆ. ರಾಜ್ಯಸಭಾ ಸದಸ್ಯರಿಗೆ ನಿರ್ದಿಷ್ಟ ಕ್ಷೇತ್ರವಿಲ್ಲದ ಕಾರಣ ಅವರು ನಮಗೆ ಸಂಬಂಧಿಸಿದವರಲ್ಲವೆಂಬ ಭಾವನೆ ಅನೇಕರಲ್ಲಿದೆ. ವಾಸ್ತವದಲ್ಲಿ ಇಡೀ ರಾಜ್ಯವೇ ಅವರ ಕ್ಷೇತ್ರ.

ಸಾಮಾನ್ಯ ವಿಧೇಯಕದ ಹಾದಿ

ಸಾಮಾನ್ಯ ವಿಧೇಯಕವನ್ನು ಯಾವ ಸದನದಲ್ಲಾದರೂ ಮಂಡಿಸಬಹುದು. ಮಂಡನೆ, ಕಲಮುವಾರು ಪರಿಶೀಲನೆ ಹಾಗೂ ಅಂತಿಮ ಅಂಗೀಕಾರ ಎಂಬ ಮೂರು ಹಂತಗಳನ್ನು ಅದು ಒಂದು ಸದನದಲ್ಲಿ ದಾಟಿ, ಬಳಿಕ ಇನ್ನೊಂದು ಸದನದಲ್ಲಿಯೂ ಅಂಗೀಕಾರ ಪಡೆದು, ರಾಷ್ಟ್ರಪತಿಗಳ ಅಂಕಿತದಿಂದ ಕಾಯಿದೆಯಾಗುತ್ತದೆ. ನಡುವೆ ಅದನ್ನು ಸ್ಥಾಯಿ ಸಮಿತಿಗೋ ಪ್ರವರ ಸಮಿತಿಗೋ ಒಪ್ಪಿಸುವುದುಂಟು.

ಎರಡು ಸದನಗಳ ನಡುವೆ ಒಮ್ಮತ ಮೂಡದಿದ್ದರೆ, ಅಥವಾ ಒಂದು ಸದನವು ವಿಧೇಯಕವನ್ನು ಆರು ತಿಂಗಳಿಗೂ ಮೀರಿ ಇರಿಸಿಕೊಂಡರೆ, 108ನೇ ಅನುಚ್ಛೇದದಂತೆ ಜಂಟಿ ಅಧಿವೇಶನ ಕರೆಯಲು ಅವಕಾಶವಿದೆ. 1961ರಲ್ಲಿ ವರದಕ್ಷಿಣೆ ನಿಷೇಧ ವಿಧೇಯಕ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗದ ರದ್ದತಿ ವಿಧೇಯಕ, 2002ರಲ್ಲಿ ಭಯೋತ್ಪಾದನೆ ತಡೆ ವಿಧೇಯಕಗಳಿಗಾಗಿ ಇಂತಹ ಅಧಿವೇಶನಗಳು ನಡೆದಿವೆ. ಆದರೆ ಸಂವಿಧಾನದ ತಿದ್ದುಪಡಿಗೆ ಈ ಮಾರ್ಗವಿಲ್ಲ. ಅದು ಪ್ರತಿಯೊಂದು ಸದನದಲ್ಲಿಯೂ ಪ್ರತ್ಯೇಕವಾಗಿ ಒಟ್ಟು ಸದಸ್ಯಬಲದ ಬಹುಮತವನ್ನೂ, ಹಾಜರಿದ್ದು ಮತ ನೀಡಿದವರ ಮೂರನೆಯ ಎರಡರಷ್ಟು ಬೆಂಬಲವನ್ನೂ ಪಡೆಯಲೇಬೇಕು.

ಧನ ವಿಧೇಯಕವೆಂಬ ವಿಶೇಷ ಮಾರ್ಗ

ತೆರಿಗೆ, ಸಾಲ, ಸಂಚಿತ ನಿಧಿ ಇವುಗಳಿಗೆ ಮಾತ್ರ ಸಂಬಂಧಿಸಿದ ವಿಧೇಯಕವು 110ನೇ ಅನುಚ್ಛೇದದಡಿ ಧನ ವಿಧೇಯಕವೆನಿಸುತ್ತದೆ. ಇದನ್ನು ಲೋಕಸಭೆಯಲ್ಲಿ ಮಾತ್ರ ಮಂಡಿಸಬಹುದು. ಧನ ವಿಧೇಯಕವೆಂದು ದೃಢೀಕರಿಸುವ ಅಧಿಕಾರ ಸಭಾಧ್ಯಕ್ಷರದು. ರಾಜ್ಯಸಭೆಯು ಇದನ್ನು ತಿರಸ್ಕರಿಸಲಾರದು. 14 ದಿನಗಳೊಳಗೆ ತನ್ನ ಶಿಫಾರಸುಗಳೊಡನೆ ಅಥವಾ ಶಿಫಾರಸುಗಳಿಲ್ಲದೆ ಹಿಂದಿರುಗಿಸಬೇಕು. ಆ ಶಿಫಾರಸುಗಳನ್ನು ಒಪ್ಪುವುದೂ ಬಿಡುವುದೂ ಲೋಕಸಭೆಗೆ ಸೇರಿದ್ದು. ಅನುದಾನದ ಬೇಡಿಕೆಗಳ ಮೇಲೆ ಮತ ಹಾಕುವುದೂ ಲೋಕಸಭೆಯೊಂದೇ.

ಜನರು ನೇರವಾಗಿ ಆರಿಸಿದ ಸದನಕ್ಕೇ ಖಜಾನೆಯ ಕೀಲಿಕೈ ಇರಬೇಕೆಂಬುದು ಇದರ ಹಿಂದಿನ ತತ್ತ್ವ. ಬ್ರಿಟನ್ನಿನಲ್ಲಿ 1909ರ ಬಜೆಟ್ಟನ್ನು ಪ್ರಭುಗಳ ಸಭೆಯು ತಿರಸ್ಕರಿಸಿದ ಪರಿಣಾಮವಾಗಿ 1911ರ ಸಂಸತ್ ಕಾಯಿದೆಯು ಆ ಸಭೆಯ ಕೈ ಕಟ್ಟಿತು. ನಮ್ಮ ವ್ಯವಸ್ಥೆಯೂ ಅದೇ ಜಾಡಿನದು. ಆದರೆ ಯಾವ ವಿಷಯಗಳು ನಿಜಕ್ಕೂ ಧನ ವಿಧೇಯಕದ ವ್ಯಾಪ್ತಿಗೆ ಸೇರುತ್ತವೆ ಎಂಬುದು ವಿವಾದಕ್ಕೆ ಎಡೆಮಾಡಿದೆ. 2016ರ ಆಧಾರ್ ಕಾಯಿದೆ, 2017ರ ಹಣಕಾಸು ಕಾಯಿದೆಗಳು ಈ ಕಾರಣಕ್ಕಾಗಿಯೇ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವು. 2019ರಲ್ಲಿ ನ್ಯಾಯಾಲಯವು ಈ ಪ್ರಶ್ನೆಯನ್ನು ಹೆಚ್ಚಿನ ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು.

ಎರಡನೆಯ ಸದನದಿಂದ ನಮಗೇನು ದೊರೆಯಿತು?

ಸರಕು ಮತ್ತು ಸೇವಾ ತೆರಿಗೆಯ ಸಂವಿಧಾನ ತಿದ್ದುಪಡಿ ವಿಧೇಯಕವನ್ನು ಲೋಕಸಭೆಯು 2015ರ ಮೇ 6ರಂದು ಅಂಗೀಕರಿಸಿತು. ಅದರಲ್ಲಿ ಅಂತರರಾಜ್ಯ ಸರಕು ಪೂರೈಕೆಯ ಮೇಲೆ ಎರಡು ವರ್ಷ, ಅಥವಾ ಜಿಎಸ್‌ಟಿ ಪರಿಷತ್ತು ಶಿಫಾರಸು ಮಾಡಿದಷ್ಟು ಅವಧಿ, ಶೇ. 1ರವರೆಗೆ ಹೆಚ್ಚುವರಿ ತೆರಿಗೆ ವಿಧಿಸುವ ಕಲಮು ಇತ್ತು. ಸರಕು ಹೊರಡುವ ರಾಜ್ಯಕ್ಕೆ ಆ ಹಣ ಸೇರಬೇಕಾಗಿತ್ತು. ಉದಾಹರಣೆಗೆ, ಬೆಳಗಾವಿಯ ಫೌಂಡ್ರಿಯೊಂದು ರೂ. 10 ಲಕ್ಷದ ಎರಕದ ಬಿಡಿಭಾಗಗಳನ್ನು ಕೊಲ್ಲಾಪುರಕ್ಕೆ ಕಳುಹಿಸಿದಾಗ ರೂ. 10,000, ಅಲ್ಲಿ ತಯಾರಾದ ಯಂತ್ರ ಗುಜರಾತಿಗೆ ಹೋದಾಗ ಮತ್ತೊಮ್ಮೆ ಶೇ. 1. ತೆರಿಗೆಯ ಮೇಲೆ ತೆರಿಗೆ ಕೂಡದೆಂದು ರೂಪಿಸಿದ ವ್ಯವಸ್ಥೆಯೊಳಗೇ ಆ ದೋಷ ಮರಳಿ ನುಸುಳುವುದರಲ್ಲಿತ್ತು.

ಆಗ ರಾಜ್ಯಸಭೆಯಲ್ಲಿ ಸರ್ಕಾರಕ್ಕೆ ಬಹುಮತವಿರಲಿಲ್ಲ. ಸದನವು ವಿಧೇಯಕವನ್ನು ಪ್ರವರ ಸಮಿತಿಗೆ ಒಪ್ಪಿಸಿತು. ಸಮಿತಿಯ ವರದಿ 2015ರ ಜುಲೈನಲ್ಲಿ ಬಂದಿತು. ದೀರ್ಘ ಮಾತುಕತೆಯ ನಂತರ ಸರ್ಕಾರವೇ ಆ ಶೇ. 1ರ ಕಲಮನ್ನು ಕೈಬಿಟ್ಟಿತು. ರಾಜ್ಯಗಳಿಗೆ ಐದು ವರ್ಷಗಳವರೆಗೆ ಪರಿಹಾರ "ನೀಡಬಹುದು" ಎಂಬುದು "ನೀಡತಕ್ಕದ್ದು" ಎಂದಾಯಿತು. ತಿದ್ದಿದ ವಿಧೇಯಕವನ್ನು 2016ರ ಆಗಸ್ಟ್ 3ರಂದು ರಾಜ್ಯಸಭೆಯು 203 ಮತಗಳಿಂದ, ಆಗಸ್ಟ್ 8ರಂದು ಲೋಕಸಭೆಯು 443 ಮತಗಳಿಂದ, ವಿರೋಧವಿಲ್ಲದೆ ಅಂಗೀಕರಿಸಿದವು. ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ರಾಜ್ಯಗಳ ಅನುಮೋದನೆಯ ನಂತರ ಸೆಪ್ಟೆಂಬರ್ 8ರಂದು ಅಂಕಿತ ದೊರೆಯಿತು. ವಿಳಂಬವಾಯಿತೆಂಬುದು ನಿಜ. ಆದರೆ ಆ ವಿಳಂಬದ ಫಲವು ಇಂದಿಗೂ ನಮ್ಮ ಲೆಕ್ಕಪುಸ್ತಕಗಳಲ್ಲಿದೆ.

ಇದಕ್ಕೆ ಹೋಲಿಸಿ ಇನ್ನೊಂದು ಉದಾಹರಣೆಯನ್ನು ನೋಡೋಣ. 2023ರ ಹಣಕಾಸು ಕಾಯಿದೆಯು 1961ರ ಆದಾಯ ತೆರಿಗೆ ಕಾಯಿದೆಯ 43ಬಿ ಪ್ರಕರಣಕ್ಕೆ ಒಂದು ಹೊಸ ಖಂಡವನ್ನು ಸೇರಿಸಿತು. ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಸಲ್ಲಬೇಕಾದ ಹಣವನ್ನು, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೆ ಗರಿಷ್ಠ 45 ದಿನಗಳಲ್ಲಿ ಪಾವತಿಸದಿದ್ದರೆ, ವಾಸ್ತವವಾಗಿ ಪಾವತಿಸಿದ ವರ್ಷದಲ್ಲಷ್ಟೇ ಆ ಖರ್ಚಿನ ಕಳೆತ ದೊರೆಯುತ್ತದೆಂಬುದು ಅದರ ಸಾರ. ಸಣ್ಣ ತಯಾರಕನಿಗೆ ಇದು ವರ. ಮೂರು ತಿಂಗಳ ಉದ್ದರಿಯ ಮೇಲೆ ವಹಿವಾಟು ನಡೆಸುವ ವರ್ತಕನಿಗೆ ಬಿಗಿ ಕಟ್ಟು. 2023ರ ಫೆಬ್ರವರಿ 1ರಂದು ಮಂಡನೆಯಾದ ಸದರಿ ವಿಧೇಯಕಕ್ಕೆ ಮಾರ್ಚ್ 31ರಂದು ಅಂಕಿತ ದೊರೆಯಿತು. ಆದರೆ ಜಾರಿಯನ್ನು ಮುಂದೂಡಬೇಕೆಂಬ ವರ್ತಕ ಸಂಘಗಳ ಒತ್ತಾಯ ಜೋರಾಗಿ ಕೇಳಿಬಂದುದು 2024ರ ಆರಂಭದಲ್ಲಿ. ಪರ ವಿರೋಧ ಏನೇ ಇರಲಿ, ಮಾತನಾಡಬೇಕಾಗಿದ್ದ ಎರಡು ತಿಂಗಳುಗಳು ಆ ವೇಳೆಗೆ ಎಂದೋ ಕಳೆದುಹೋಗಿದ್ದವು.

ಸದನದ ಹೊರಗಿನ ಕೆಲಸ

ಸಂಸತ್ತಿನ ಗಂಭೀರ ಪರಿಶೀಲನೆಯ ಬಹುಭಾಗ ನಡೆಯುವುದು ಸಮಿತಿಗಳಲ್ಲಿ. ಇಲಾಖಾವಾರು ಸ್ಥಾಯಿ ಸಮಿತಿಗಳು 24 ಇದ್ದು, ಪ್ರತಿಯೊಂದರಲ್ಲಿ ಲೋಕಸಭೆಯ 21 ಹಾಗೂ ರಾಜ್ಯಸಭೆಯ 10 ಸದಸ್ಯರಿರುತ್ತಾರೆ. ವಿಧೇಯಕವು ಸಮಿತಿಗೆ ಹೋದಾಗ ಸಾರ್ವಜನಿಕರಿಂದ ಲಿಖಿತ ಸಲಹೆಗಳನ್ನು ಆಹ್ವಾನಿಸುವ ಪ್ರಕಟಣೆ ಹೊರಡುವುದುಂಟು. 2015ರ ಡಿಸೆಂಬರಿನಲ್ಲಿ ಮಂಡಿಸಿದ ದಿವಾಳಿ ಸಂಹಿತೆಯು ಜಂಟಿ ಸಮಿತಿಯ ಪರಿಶೀಲನೆಯ ನಂತರವೇ 2016ರ ಮೇ ತಿಂಗಳಲ್ಲಿ ಅಂಗೀಕಾರ ಪಡೆಯಿತು. 2025ರ ಫೆಬ್ರವರಿಯಲ್ಲಿ ಮಂಡಿಸಿದ ಆದಾಯ ತೆರಿಗೆ ವಿಧೇಯಕವು ಲೋಕಸಭೆಯ ಪ್ರವರ ಸಮಿತಿಗೆ ಹೋಗಿ, ಅದರ ವರದಿಯ ನಂತರ ಹಿಂಪಡೆಯಲ್ಪಟ್ಟು, ಪರಿಷ್ಕೃತ ರೂಪದಲ್ಲಿ ಆಗಸ್ಟ್ ತಿಂಗಳಲ್ಲಿ ಎರಡೂ ಸದನಗಳನ್ನು ದಾಟಿತು. ಅಂಕಿಸಂಖ್ಯೆಗಳುಳ್ಳ ಎರಡು ಪುಟದ ಟಿಪ್ಪಣಿಯು ಬೆಲೆ ಪಡೆಯುವುದು ಇಂತಹ ಹಂತದಲ್ಲಿ.

ಕಾಯಿದೆ ಬಂದ ಮೇಲೆಯೂ ಸಂಸತ್ತಿನ ಹಿಡಿತ ತಪ್ಪುವುದಿಲ್ಲ. ಕೇಂದ್ರ ಜಿಎಸ್‌ಟಿ ಕಾಯಿದೆಯ 166ನೇ ಪ್ರಕರಣದಂತೆ ನಿಯಮಗಳನ್ನೂ ಅಧಿಸೂಚನೆಗಳನ್ನೂ ಪ್ರತಿಯೊಂದು ಸದನದ ಮುಂದೆ 30 ದಿನಗಳ ಕಾಲ ಇರಿಸಬೇಕು. ಕಾಯಿದೆಯ ಮಿತಿಯನ್ನು ನಿಯಮಗಳು ಮೀರಿವೆಯೇ ಎಂದು ನೋಡಲು ಎರಡೂ ಸದನಗಳಲ್ಲಿ ಅಧೀನ ಶಾಸನ ಸಮಿತಿಗಳಿವೆ.

ಒಂದು ಎಚ್ಚರಿಕೆ ಅಗತ್ಯ. ಜಿಎಸ್‌ಟಿ ದರಗಳ ಮೇಲೆ ಸಂಸತ್ತು ಒಂದೊಂದಾಗಿ ಮತ ಹಾಕುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಬದಲಾದ ದರಗಳು ಜಿಎಸ್‌ಟಿ ಪರಿಷತ್ತಿನ ಶಿಫಾರಸಿನ ಮೇಲೆ ಅಧಿಸೂಚನೆಯ ಮೂಲಕ ಬಂದವು. ಪರಿಷತ್ತಿನಲ್ಲಿ ಕೇಂದ್ರದ ಮತದ ತೂಕ ಮೂರನೆಯ ಒಂದು, ರಾಜ್ಯಗಳೆಲ್ಲದರದು ಸೇರಿ ಮೂರನೆಯ ಎರಡು. ನಿರ್ಣಯಕ್ಕೆ ನಾಲ್ಕನೆಯ ಮೂರರಷ್ಟು ಬೆಂಬಲ ಬೇಕು. ಅಂದರೆ ದರದ ಅಹವಾಲನ್ನು ಮೊದಲು ಒಯ್ಯಬೇಕಾದುದು ಪರಿಷತ್ತಿನಲ್ಲಿ ಕರ್ನಾಟಕವನ್ನು ಪ್ರತಿನಿಧಿಸುವ ನಮ್ಮ ರಾಜ್ಯದ ಸಚಿವರ ಬಳಿಗೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ವಿಧೇಯಕದ ಬಗೆಯನ್ನು ಮೊದಲು ತಿಳಿಯಿರಿ. ಧನ ವಿಧೇಯಕವಾಗಿದ್ದರೆ ಲೋಕಸಭಾ ಸದಸ್ಯರನ್ನೂ ಹಣಕಾಸು ಮಂತ್ರಾಲಯವನ್ನೂ, ಸಾಮಾನ್ಯ ವಿಧೇಯಕವಾಗಿದ್ದರೆ ಎರಡೂ ಸದನಗಳ ಸದಸ್ಯರನ್ನು ಸಂಪರ್ಕಿಸಿರಿ.

2. ಬಜೆಟ್ ಕುರಿತ ಸಲಹೆಗಳು ಹಿಂದಿನ ವರ್ಷದ ಅಂತ್ಯದೊಳಗೇ ಸಿದ್ಧವಾಗಿರಲಿ. ಬಜೆಟ್ ಮಂಡನೆಯಾದ ಮೇಲೆ ಉಳಿಯುವ ಅವಕಾಶ ಮಾರ್ಚ್ ಅಂತ್ಯದವರೆಗೆ ಮಾತ್ರ.

3. ವಿಧೇಯಕವು ಸಮಿತಿಗೆ ಹೋದರೆ ಸಲಹೆಗಳ ಕೊನೆಯ ದಿನಾಂಕವನ್ನು ಗುರುತು ಹಾಕಿಕೊಳ್ಳಿರಿ. ಕಲಮಿನ ಸಂಖ್ಯೆ, ತೊಂದರೆ, ಬದಲಿ ಒಕ್ಕಣೆ ಈ ಮೂರೂ ಟಿಪ್ಪಣಿಯಲ್ಲಿರಲಿ.

4. ಇಲಾಖೆಯಿಂದ ಉತ್ತರ ಬಾರದ ವಿಷಯಗಳಲ್ಲಿ ಸದಸ್ಯರ ಮೂಲಕ ಪ್ರಶ್ನೆ ಕೇಳಿಸಿರಿ. ಸಚಿವರ ಉತ್ತರವು ಸದನದ ದಾಖಲೆಯಾಗುತ್ತದೆ.

ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕವನ್ನು ನಮ್ಮ ವರ್ತಕ ಬಾಂಧವರು ಮರೆಯುವುದಿಲ್ಲ, ಮರೆತರೆ ದಂಡ ತೆರಬೇಕಾಗುತ್ತದೆ. ಶಾಸನ ರಚನೆಗೂ ಅಂತಹುದೇ ದಿನಾಂಕಗಳಿವೆ. ಅವನ್ನು ಮರೆತದ್ದಕ್ಕೆ ಯಾವ ನೋಟೀಸೂ ಬರುವುದಿಲ್ಲ. ಆದರೆ ಅದರ ಬೆಲೆಯನ್ನು ವರ್ಷಾನುವರ್ಷ ತೆರಬೇಕಾಗುತ್ತದೆ.